ಉಗ್ರಾಣದಿಂದ ಕೇಳಿದ ಇಟಲಿಯವನ ಆಟ

ಇವತ್ತು ಅಮೆರಿಕದ ನಮ್ಮೂರು ಎವರ್‌ಗ್ರೀನ್‌ನ ಮೈದಾನದ ಪಕ್ಕ ಕಾರು ನಿಲ್ಲಿಸಿದಾಗ ಮಗಳು ಮೊಣಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡು ಫುಟ್‌ಬಾಲ್ ಆಡಲು ಓಡಿದಳು. ಫೋನಿನಲ್ಲಿ ಮೀಟಿಂಗು ಮುಗಿಸಲೆಂದು ಒಳಗೇ ಉಳಿದೆ. ಕಾರಿನ ತುಂಬ ಆ ಮುಲಾಮಿನ, ನನ್ನ ಚಿಕ್ಕಪ್ಪನ ವಾಸನೆ.

ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನಿಗೆ ದೇವರೆಂದರೆ ಇಟಲಿಯ ಒಬ್ಬ ಮಿಡ್‌ಫೀಲ್ಡರ್. ಅವನು ಟೀವಿಯಲ್ಲಿ ಮೊದಲು ಕಾಣಿಸಿಕೊಂಡ ದಿನ ನಾನು ಚಿಕ್ಕಪ್ಪನ ಮೊಣಕಾಲಿಗೆ ಮುಲಾಮು ತರಲು ಉಗ್ರಾಣಕ್ಕೆ ಹೋಗಿದ್ದೆ. ಅಷ್ಟರಲ್ಲಿ ಗೋಲು ಹೊಡೆದ.

“ಅಲ್ಲೇ ಇರೇ, ಬರ್ಬೇಡ! ನೀನು ಒಳಗಿದ್ರೇನೇ ಅವ್ನಿಗೆ ಲಕ್ಕು!” ಎಂದು ಚಿಕ್ಕಪ್ಪ ಕೂಗಿದರು.

ಆಮೇಲೆ ಅವನ ಆಟವಿದ್ದಾಗಲೆಲ್ಲ ನನ್ನ ಜಾಗ ಅಕ್ಕಿ ಮೂಟೆಯ ಮೇಲೆ. ಒಳಗೆ ಒಣಮೆಣಸಿನಕಾಯಿಯ ಘಾಟು, ಹೊರಗಿನಿಂದ ಚಿಲಕ. ಅವನು ನಾಯಕನಾದದ್ದು ಚಿಕ್ಕಪ್ಪನ ಶಿಳ್ಳೆಯಿಂದ ತಿಳಿಯಿತು, ಕಾಲು ಮುರಿದುಕೊಂಡದ್ದು ಅಜ್ಜಿಯ ‘ಅಯ್ಯೋ ಪಾಪ’ದಿಂದ. ಮುಖ ಮಾತ್ರ ನೋಡಲೇ ಇಲ್ಲ. ಕೊನೆಯ ಪಂದ್ಯದಲ್ಲಿ ಅವನು ಪೆನಾಲ್ಟಿ ಹಾಳುಮಾಡಿದಾಗ ಚಿಕ್ಕಪ್ಪ ಚಿಲಕ ತೆಗೆದು, “ಕಿಟಕಿಯಿಂದ ಇಣುಕಿದ್ಯೇನೇ?” ಎಂದು ಗದರಿದರು. ಉಗ್ರಾಣಕ್ಕೆ ಕಿಟಕಿಯೇ ಇರಲಿಲ್ಲ.

ಮೀಟಿಂಗು ಮುಗಿಯಿತು. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ಮೈದಾನದಿಂದ ಮಗಳು ಎರಡೂ ಕೈ ಬೀಸಿ ಕಿರುಚಿದಳು: “ಅಮ್ಮಾ, ನೋ! ಸ್ಟೇ ಇನ್ ದ ಕಾರ್! ವೀ ಜಸ್ಟ್ ಸ್ಕೋರ್ಡ್!”

ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿದೆ. ಈ ಉಗ್ರಾಣಕ್ಕೆ ಕಿಟಕಿಯಾದರೂ ಇದೆ.