ಖಾಲಿ ತೋಟಾದ ಪೀಪಿ

ಕೊಡಗಿನ ಆಯುಧದ ಹಬ್ಬ ಕೈಲ್‌ಮುಹೂರ್ತದ ದಿನ ನಮ್ಮ ಮನೆಯಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಎಲ್ಲರೂ ಕಾಯಿ ನೋಡಿದರೆ ನಾನು ನೆಲ ನೋಡುತ್ತಿದ್ದೆ. ಕೆಳಗೆ ಬಿದ್ದ ಖಾಲಿ ತೋಟಾ ನನಗೆ ಬೇಕು. ಅದರ ಬಾಯಿಗೆ ತುಟಿ ಹಚ್ಚಿ ಊದಿದರೆ ಒಳ್ಳೆಯ ಪೀಪಿ. "ಶಾಲೆಗೆ ತಗೊಂಡ್ ಹೋದ್ರೆ ಚರ್ಮ ಸುಲೀತೀನಿ" ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ಒಯ್ದೇಬಿಟ್ಟೆ. ನನ್ನ ಪಕ್ಕ ಕೂರುತ್ತಿದ್ದವಳು ಎಸ್ಟೇಟಿನ ಕೂಲಿಯವರ ಲೈನ್‌ಮನೆ ಹುಡುಗಿ. ಅವಳಷ್ಟು ಜೋರಾಗಿ ಊದುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಊಟದ ಹೊತ್ತಿಗೆ ನನ್ನ ತೋಟಾ ಇಸಿದುಕೊಂಡು ಊದಿದಳು, ಹೆಡ್‌ಮಾಸ್ಟರ ಕೈಗೆ ಸಿಕ್ಕಿಬಿದ್ದಳು. ಅವರು ಬಯಲುಸೀಮೆಯಿಂದ ಆಗಷ್ಟೇ ವರ್ಗವಾಗಿ ಬಂದವರು. ತೋಟಾ ಎಂದರೆ ಅವರಿಗೆ ಪೊಲೀಸು, ಕೇಸು.

"ಲೈನ್‌ಮನೇಲಿ ಯಾರ ಹತ್ರ ಕೋವಿ ಇದೆ? ಹೇಳು."

"ಯಾರ ಹತ್ರಾನೂ ಇಲ್ಲ ಸಾರ್. ದಾರೀಲಿ ಸಿಕ್ತು."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನನ್ನದು ಸಾರ್" ಎಂದು ನಾನು ಎದ್ದಿದ್ದರೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಕೋವಿ ಇರುವುದು ಊರಿಗೇ ಗೊತ್ತು. ನನಗೆ ಅಪ್ಪನ ಬೆದರಿಕೆ ನೆನಪಾಯಿತು. ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ, ಹೇಡಿ.

ಆಯುಧದ ಚೂರು ತಂದರೂ ಶಾಲೆಯಿಂದ ಹೊರಗೆ ಎಂಬುದು ಹೆಡ್‌ಮಾಸ್ಟರ ನಿಯಮ. ಮೂರನೇ ದಿನ ಅವಳ ಅಮ್ಮನನ್ನು ಕರೆಸಿದರು. ಆಕೆ ಕೆಲಸದ ಸೀರೆಯಲ್ಲೇ ಓಡಿಬಂದು, ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೇಟಿನ ಹತ್ತಿರ ಗೆಳತಿ ನನ್ನ ಕೈ ಹಿಡಿದಳು.

"ನಿಂಗೆ ಮನೇಲಿ ಹೊಡೀತಾರೆ ಅಂತ ನಿನ್ ಹೆಸ್ರು ಹೇಳ್ಲಿಲ್ಲ ಕಣೇ. ವಾಪಸ್ ಬಂದಾಗ ಸೈನ್ಸ್ ನೋಟ್ಸ್ ಕೊಡ್ತೀಯಲ್ಲ?"

ಹೂಂ ಎಂದೆ. ಟಿ.ಸಿ. ಕೊಟ್ಟ ಮೇಲೆ ವಾಪಸು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನೋಟ್ಸನ್ನು ಎರಡು ಪ್ರತಿ ಬರೆದೆ. ಕೊಡಲು ಲೈನ್‌ಮನೆಗೆ ಹೋದಾಗ ಬಾಗಿಲಿಗೆ ಬೀಗ. ಪೊನ್ನಂಪೇಟೆ ಕಡೆಯ ಯಾವುದೋ ಎಸ್ಟೇಟಿಗೆ ಹೋದರು ಎಂದರು ಪಕ್ಕದವರು. ಈಗಲೂ ಆ ಕಡೆ ಹೋದಾಗೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನ ಹೆಂಗಸರ ಮುಖ ನೋಡುತ್ತೇನೆ. ಒಮ್ಮೆ ಸಿಕ್ಕಿದರೆ ಸಾಕು. ಬೈದರೂ ಸರಿ.

ಈ ಸಲದ ಕೈಲ್‌ಮುಹೂರ್ತಕ್ಕೆ ಧೈರ್ಯ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೋವಿ ಒರೆಸುತ್ತಿದ್ದವರು ಕೈ ನಿಲ್ಲಿಸಿದರು.

"ಅಷ್ಟೇನಾ? ಅವತ್ತೇ ಹೇಳಿದ್ರೆ ನಾನೇ ಬಂದು ಮಾತಾಡ್ತಿದ್ನಲ್ಲ ಮಗಳೇ."

ಚರ್ಮ ಸುಲಿಯುತ್ತೇನೆ ಎಂದದ್ದು ಅವರಿಗೆ ನೆನಪೇ ಇರಲಿಲ್ಲ.