ಯಾವ ಉಗಾರ?

ಅಕ್ಕಾರ ಎಡಗಾಲಿನ ಹೆಬ್ಬೆರಳು ಜಜ್ಜಿ ಚಪ್ಪಟೆಯಾಗಿತ್ತು. ಓಡಿಬಂದ ಮಗಳನ್ನು ಎಳೆದೊಯ್ಯಲು ಒಬ್ಬ ಅಪ್ಪ ಬಂದಿದ್ದ. ಅವನು ಹೊರಗಿನಿಂದ ಬಾಗಿಲು ನೂಕಿದ, ಇವರು ಒಳಗಿನಿಂದ ಕಾಲು ಕೊಟ್ಟು ನಿಂತರು. ಪೊಲೀಸರು ಬರುವ ತನಕ ತೆಗೆಯಲಿಲ್ಲ.

ಸಾಲಿ ಕಲಿಸುವ ನೌಕರಿ ಮುಗಿದ ಮೇಲೆ ಅವರು ರಾಯಬಾಗದಲ್ಲಿ ಮನೆ ಬಿಟ್ಟು ಬಂದ ಹುಡುಗಿಯರಿಗೆ ಆಸರೆಮನೆ ನಡೆಸಿದರು. ನಾನು ಅಲ್ಲಿ ರೊಟ್ಟಿ ಬಡಿಯುವವಳು. ಯಾರೇ ಬರಲಿ, ಮೊದಲು ಊಟ, ಆಮೇಲೆ ಹೆಸರು. "ಹೊಟ್ಟಿ ತುಂಬಿದ ಮ್ಯಾಲೆ ಖರೇ ಹೆಸರು ಬರತೈತಿ" ಅನ್ನುತ್ತಿದ್ದರು.

ಒಂದು ವರ್ಷ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದೆವು. ಅದು ಬರದಿದ್ದರೆ ಮನೆಗೆ ಬೀಗ. ಸಾಹೇಬರು ತಪಾಸಣೆಗೆ ಬರುವವರಿದ್ದರು. ಈ ರಾಜ್ಯದ ಮಕ್ಕಳಿಗಷ್ಟೇ ಕೊಡುತ್ತಾರೆ ಎಂದು ಯಾರೋ ಅಂದರು. ಶಿರಗುಪ್ಪಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನಿಂದ ಓಡಿಬಂದ ಒಬ್ಬಳಿದ್ದಳು, ಮಹಾರಾಷ್ಟ್ರದವಳು. ಮರಾಠಿ ಬಿಟ್ಟರೆ ಬೇರೆ ಬಾರದು. ಅಕ್ಕಾರಿಗೆ ತಿಳಿಸದೆ ನಾನೇ ಗಡಿಯ ಈ ಕಡೆಯ ಊರೊಂದರ ಹೆಸರು ಹಿಡಿದು ಅವಳಿಗೆ "ನಮ್ಮೂರ ಉಗಾರ್ರಿ" ಎಂದು ಕಲಿಸಿದೆ.

ಸಾಹೇಬರು ಊರು ಕೇಳಿದರು. ಅವಳು ಕಲಿತಿದ್ದನ್ನು ಒಪ್ಪಿಸಿದಳು.

"ಯಾವ ಉಗಾರ? ಬುದ್ರುಕೋ, ಖುರ್ದೋ?"

ಹುಡುಗಿ ನನ್ನ ಮುಖ ನೋಡಿದಳು. ಉಗಾರ ಎರಡಿವೆ ಎಂದು ಹೇಳಿಕೊಡುವುದನ್ನು ನಾನು ಮರೆತಿದ್ದೆ.

"ಎರಡೂ ಅಲ್ರಿ ಸಾಹೇಬ್ರ" ಎಂದರು ಅಕ್ಕಾರು. "ಆಕಿ ಮಹಾರಾಷ್ಟ್ರದಾಕಿ. ಸುಳ್ಳು ಕಲಿಸಿದಾಕಿ ಅಲ್ಲಿ ಒಲಿ ಮುಂದ ಕುಂತಾಳ ನೋಡ್ರಿ."

"ಹಂಗಾದ್ರ ಆಕಿನ್ನ ಆ ಕಡೆ ಕಳಿಸ್ರಿ. ಉಳದವ್ರ ಯಾದಿ ನಾ ಮುಂದ ಕಳಸ್ತೀನಿ."

"ಯಾದಿಯೊಳಗ ಆಕೀನೂ ಇರತಾಳ್ರಿ. ಹೆಸರ ತಗಿಯೂದಿದ್ರ ಯಾಕಂತ ಬರದ ಕೊಡ್ರಿ."

ಸಾಹೇಬರು ಬರೆದೂ ಕೊಡಲಿಲ್ಲ, ಅರ್ಜಿಯನ್ನು ಮುಂದಕ್ಕೂ ಕಳಿಸಲಿಲ್ಲ.

ಅವರು ಹೋದ ಮೇಲೆ, "ನಾ ಮಾಡಿದ್ದು ಹುಡುಗಿ ಸಲುವಾಗ್ರಿ" ಎಂದೆ.

"ಗೊತ್ತೈತಿ. ಇನ್ನ ಆಕಿ ಖರೇ ಹೇಳಿದ್ರೂ ಯಾರೂ ನಂಬಂಗಿಲ್ಲ, ಅಷ್ಟ ಮಾಡಿದಿ. ನಾಳೆ ಬುತ್ತಿ ಕಟ್ಟು, ದೊಡ್ಡ ಕಚೇರಿಗೆ ಹೋಗೂಣು."

ಮಳೆಗಾಲ ಮುಗಿಯುವ ತನಕ ಪ್ರತಿ ಸೋಮವಾರ ಬೆಳಗಾವಿ ಬಸ್ಸು ಹತ್ತಿದೆವು. ಅಷ್ಟು ದಿನವೂ ಹಾರೂಗೇರಿ ಸಂತೆಯಲ್ಲಿ ಕಾಯಿಪಲ್ಲೆ ಬೇಡಿ ತಂದು ಹುಡುಗಿಯರಿಗೆ ಉಣ್ಣಿಸಿದೆವು. ಕಚೇರಿಯ ಬಾಗಿಲ ಮುಂದೆಯೇ ನಮ್ಮ ರೊಟ್ಟಿ, ಶೇಂಗಾ ಹಿಂಡಿ. ಸಿಪಾಯಿ "ಮತ್ತ ಬಂದ್ರೇನವಾ?" ಅಂದರೆ ಅಕ್ಕಾರು "ಕೆಲಸ ಮಾಡಿಕೊಡ್ರಿ, ಬರಂಗಿಲ್ಲ" ಅನ್ನುತ್ತಿದ್ದರು. ಕೊನೆಗೆ ಅನುದಾನ ಬಂತು. ಯಾದಿಯಲ್ಲಿ ಆ ಹುಡುಗಿಯ ಹೆಸರಿತ್ತು, ಖರೇ ಊರಿನ ಜೊತೆ.

ಹೋದ ಚಳಿಗಾಲದಲ್ಲಿ ಅಕ್ಕಾರು ತೀರಿಕೊಂಡರು. ಹುಡುಗಿಯರೆಲ್ಲ ಪಾದ ಮುಟ್ಟಿದರು. ನಾನು ಆ ಹೆಬ್ಬೆರಳು ಮುಟ್ಟಿದೆ.

ಈ ವರ್ಷದ ಅರ್ಜಿಯನ್ನು ಆ ಹುಡುಗಿಯೇ ಬರೆದಳು, ಕನ್ನಡದಲ್ಲಿ. ಕೆಳಗೆ ನಾನು ಸಹಿ ಮಾಡಿದೆ. ಆ ನಾಲ್ಕಕ್ಷರ ಅಕ್ಕಾರೇ ಕಲಿಸಿದ್ದು. ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಬುತ್ತಿ ಕಟ್ಟಬೇಕು.