ಜೋಡಿ ಅತ್ತೆ ಗಡಿ ದಾಟಿದ್ದು

ಗಂಡು ಹೆಣ್ಣು ಕೂಡಿಸುವುದೇ ಕಸುಬಾದ್ದರಿಂದ ಊರೆಲ್ಲ ಅವಳನ್ನು ಜೋಡಿ ಅತ್ತೆ ಅಂತಲೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಎಲ್ಲೋ ದಾಖಲೆಗಳಲ್ಲಿ ಬಿದ್ದಿರಬೇಕು. ಅದನ್ನು ಕೇಳಿದವರೂ ಇಲ್ಲ, ಅವಳು ಹೇಳಿದವಳೂ ಅಲ್ಲ. ಗಂಡ ಸತ್ತ ಮೇಲೆ ಈ ಕೆಲಸಕ್ಕೆ ಇಳಿದಳು, ಇಳಿದವಳು ಈಜಿಯೂ ಬಿಟ್ಟಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಗಾದೆಯನ್ನು ಅವಳೆದುರು ಯಾರೂ ಆಡುವಂತಿರಲಿಲ್ಲ. "ಅದು ಹಳೇ ದಲ್ಲಾಳಿಗಳ ಕಾಲ. ನಾನು ಸುಳ್ಳು ಹೇಳೋಳಲ್ಲ, ಸುಳ್ಳು ಹಿಡಿಯೋಳು" ಅನ್ನುವಳು.

ಹಿಡಿಯುವ ದಾರಿಯೂ ಅವಳದ್ದೇ. ಗಂಡಿನ ಮನೆಗೆ ಹೋಗಿ ಕೂತು, ಟೀ ಬಂದ ಕೂಡಲೇ ಹುಡುಗನ ಮುಂದೆ ಕೈ ಚಾಚುವಳು. "ಫೋನ್ ಕೊಡಪ್ಪ. ಲಾಕ್ ತೆಗೆದು ಕೊಡು." ಟೀ ಆರುವಷ್ಟರಲ್ಲಿ ಫೋಟೊ, ಮೆಸೇಜು, ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದ್ದಾನೆ, ಎಲ್ಲವನ್ನೂ ಜಾಲಾಡಿ ಮುಗಿಸುವಳು. ಹಿಂದೆಮುಂದೆ ನೋಡಿದ ಹುಡುಗನ ಕಥೆ ಅಲ್ಲಿಗೆ ಮುಗೀತು. "ಮುಚ್ಚಿಡೋಕೆ ಏನೂ ಇಲ್ಲ ಅಂದ್ರೆ ತೋರಿಸೋಕೇನು ಕಷ್ಟ?" ಅಂತ ಕಪ್ಪು ಕೆಳಗಿಟ್ಟು ಎದ್ದು ಬರುವಳು. ಹೆಣ್ಣು ಹೆತ್ತವರಿಗೆ ಇದು ಬಹಳ ಹಿಡಿಸಿತ್ತು.

ಸ್ವಂತ ಮಗಳಿಗೆ ಗಂಡು ನೋಡುವಾಗಲೂ ಹೀಗೇ ಮಾಡಿದಳು. ಆ ಹುಡುಗನ ಫೋನು ತೊಳೆದಿಟ್ಟ ತಟ್ಟೆ ಹಾಗಿತ್ತು. ಅಮ್ಮನಿಗೆ ಮೂರು ಹೊತ್ತೂ ಊಟ ಆಯ್ತಾ ಅನ್ನುವ ಮೆಸೇಜು, ಕಚೇರಿಯವರ ಜೊತೆ ಎರಡು ಫೋಟೊ, ಹೂವಿನ ಚಿತ್ರ ಹಾಕಿದ ಶುಭೋದಯ. ಅತ್ತೆ ಆ ಫೋನಿಗೆ ಸೋತಳು. ಗಡಿಯಾಚೆಯ ಊರು, ಖಾಯಂ ಕೆಲಸ, ಮೆತ್ತನೆ ಮಾತು. ಮದುವೆಯಾದ ಮೇಲೆ "ನನ್ನ ಅಳಿಯ ಬಂಗಾರ" ಅನ್ನುವುದೇ ಅವಳ ಅಂಗಡಿಯ ಬೋರ್ಡಾಯಿತು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ತಿಳಿಯೋದಕ್ಕೆ ವರ್ಷವೂ ಬೇಕಾಗಲಿಲ್ಲ. ಬಂಗಾರದ ಅಳಿಯ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ದಿನಾ ಸಂಜೆ ಅವಳ ಫೋನು ಇಸಕೊಂಡು ಕೂತು ಓದುತ್ತಿದ್ದ. ಹಾಗಾಗಿ ಮಗಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಅಮ್ಮನಿಗೆ ಹೇಳಬೇಕಾದ್ದನ್ನು ಮೆಲ್ಲಗೆ ರೆಕಾರ್ಡ್ ಮಾಡಿ ಕಳಿಸಿ ತನ್ನ ಕಡೆ ಅಳಿಸಿಬಿಡುವಳು. ಮೊದಲನೆಯದನ್ನು ಕೇಳಿದ ಅತ್ತೆ ಫೋನ್ ಮಾಡಿ, "ಸ್ವಲ್ಪ ಹೊಂದಿಕೊಂಡು ಹೋಗಮ್ಮ. ದಲ್ಲಾಳಿ ಮಗಳೇ ವಾಪಸ್ ಬಂದು ಕೂತ್ರೆ ನನ್ನ ಬಾಗಿಲಿಗೆ ಯಾರು ಬರ್ತಾರೆ?" ಅಂದಳು. ಹೆತ್ತವಳು ಆಡುವ ಮಾತಾ ಇದು? ಅಲ್ಲ ಅಂತ ಅವಳಿಗೂ ಗೊತ್ತಿತ್ತು.

ಹೋದ ವಾರ ಮಗಳು ಮಾತಾಡಲಿಲ್ಲ, ಬರೆದಳು. "ಗುರುವಾರ ಬಾ ಅಮ್ಮ. ಒಬ್ಬಳೇ ಹೊರಡೋಕೆ ಕೈಕಾಲು ಬರ್ತಿಲ್ಲ. ಗಡಿ ಗೇಟಿನ ಹೊರಗೆ ಬಸ್ ನಿಲ್ಲೋ ಕಡೆ ಇರ್ತೀನಿ. ಅವರಿಗೆ ಗೊತ್ತಾಗಬಾರದು." ಬರೆದದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಕೇಳಲಿಲ್ಲ ಅನ್ನುವ ಹಾಗಿಲ್ಲ. ಅತ್ತೆ ಅಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು, ಆಮೇಲೆ ಮುಖ ತೊಳೆದು ದಾರಿ ಹುಡುಕಿದಳು.

ಸಿಕ್ಕ ದಾರಿ ಎದುರುಮನೆಯವಳು. ಆ ಹೆಂಗಸಿನ ಮಗಳಿಗೂ ಗಡಿಯಾಚೆ ಒಂದು ಗಂಡು ತೋರಿಸಿದ್ದಳು, ಮನೆ ನೋಡಿ ಬರುವುದು ಬಾಕಿ ಇತ್ತು. ಅವಳನ್ನು ಗಂಡಿನ ಮನೆಯಲ್ಲಿ ಕೂರಿಸಿ, ತಾನು ಜಾರಿಕೊಂಡು ಮಗಳನ್ನು ಕರೆತಂದು, "ನಾಲ್ಕು ದಿನ ಇದ್ದು ಹೋಗೋಕೆ ಬರ್ತಿದಾಳೆ" ಅಂದುಬಿಟ್ಟರೆ ಆಯಿತು. ತೊಂದರೆ ಅಂದರೆ, ಎದುರುಮನೆಯವಳ ಕಿವಿಗೆ ಬಿದ್ದ ಮಾತು ಊರಿಗೆ ಬಿದ್ದ ಹಾಗೆ. ಬೀದಿಯವರು ಬೆನ್ನ ಹಿಂದೆ ಅವಳನ್ನು ತುತ್ತೂರಿ ಅನ್ನುತ್ತಿದ್ದರು. ಆ ಹೆಸರು ಇಟ್ಟವಳೂ ಜೋಡಿ ಅತ್ತೆಯೇ.

ಗುರುವಾರ ಬೆಳಿಗ್ಗೆ ಇಬ್ಬರೂ ಗಡಿ ಠಾಣೆಯ ಸಾಲಿನಲ್ಲಿ ನಿಂತರು. ಅಲ್ಲಿ ತುಂಬಿಸಲು ಕೊಟ್ಟ ಫಾರಂನಲ್ಲಿ, ಆಚೆ ಎಲ್ಲಿ ಇಳಿದುಕೊಳ್ಳುತ್ತೀರಿ ಅಂತ ಒಂದು ಸಾಲು. ಅತ್ತೆ ಪೆನ್ನು ತಡೆದಳು. ಹೆಗಲ ಮೇಲಿಂದ ಇಣುಕುತ್ತಿದ್ದ ತುತ್ತೂರಿ, "ಬಂಗಾರದಂಥ ಅಳಿಯ ಇರುವಾಗ ಯೋಚನೆ ಏನು ಅತ್ತೆ? ನನ್ನದಕ್ಕೂ ಅದನ್ನೇ ಬರೀರಿ" ಅಂದಳು. ಬೋರ್ಡು ಹಾಕಿಕೊಂಡ ಮೇಲೆ ಅಂಗಡಿ ತೆರೆಯದೆ ಆಗುತ್ತದಾ? ಅತ್ತೆ ಅಳಿಯನ ವಿಳಾಸ ಬರೆದಳು. ಬರೆದವಳು ಸುಮ್ಮನಿರದೆ, ಕೆಳಗೆ ಅವನ ಫೋನ್ ನಂಬರನ್ನೂ ದುಂಡಗೆ ಬರೆದಳು.

ಕೌಂಟರಿನವನು ಫಾರಂ ನೋಡಿ ಇಬ್ಬರನ್ನೂ ಒಳಗಿನ ತಪಾಸಣೆ ಹಾಲಿಗೆ ಕಳಿಸಿದ. ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ತುಂಬ ತಮ್ಮ ಸರದಿ ಕಾಯುವ ಪ್ರಯಾಣಿಕರು, ನಡುವೆ ಮೇಜು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಅತ್ತೆಗೆ ಮಗನಾಗುವಂಥ ವಯಸ್ಸಿನವನು, ಅವಳ ಫೈಲಿಗೆ ಹಾಕಿದರೆ ಮೊದಲ ವಾರದಲ್ಲೇ ಖರ್ಚಾಗುವಂಥ ಗಂಡು. ಅವನು ಕೈ ಚಾಚಿದ.

"ಫೋನ್ ಕೊಡಿ ಅಮ್ಮ. ಲಾಕ್ ತೆಗೆದು ಕೊಡಿ."

"ನನ್ನ ಫೋನಲ್ಲಿ ಏನಿರುತ್ತಪ್ಪ? ಬೇರೆಯವರ ಮನೆ ವಿಷಯ ಅಷ್ಟೇ."

"ಮುಚ್ಚಿಡೋಕೆ ಏನೂ ಇಲ್ಲ ಅಂದ್ಮೇಲೆ ತೋರಿಸೋಕೇನು?"

ಅತ್ತೆ ಇಂಗು ತಿಂದ ಮಂಗನ ಹಾಗಾದಳು. ಎಷ್ಟು ಹುಡುಗರು ಈ ಮಾತಿಗೆ ತಲೆ ತಗ್ಗಿಸಿ ಫೋನು ಕೊಟ್ಟಿದ್ದರೋ, ಅವರೆಲ್ಲರ ಶಾಪ ಒಟ್ಟಿಗೆ ತಟ್ಟಿತು ಅಂತ ಅನ್ನಿಸಿತು. ಕೊಡದಿದ್ದರೆ ವಾಪಸ್ ಕಳಿಸುತ್ತಾರೆ, ಆಚೆ ಮಗಳು ಕಾಯುತ್ತಿದ್ದಾಳೆ. ಕೊಟ್ಟಳು.

ಫೋನಿನ ತುಂಬ ಗಂಡು ಹೆಣ್ಣುಗಳ ಫೋಟೊ. ಒಂದೊಂದರ ಕೆಳಗೂ ಅತ್ತೆ ತನ್ನ ಗುರುತಿಗೆ ಬರೆದಿಟ್ಟ ಮಾತು. ಅಧಿಕಾರಿ ಗಟ್ಟಿಯಾಗಿ ಓದತೊಡಗಿದ.

"'ಹೇಳೋ ಸಂಬಳದಲ್ಲಿ ಅರ್ಧ ಹಿಡಿ.' ಇದು ಯಾರು?"

"ಒಂದು ಗಂಡು."

"'ಕೂದಲು ಸ್ವಂತದ್ದಲ್ಲ.' ಇದು?"

"ಅದೂ ಗಂಡೇ."

"'ಹುಡುಗಿ ಚಿನ್ನ, ತಾಯಿ ತುತ್ತೂರಿ.'"

ಪಕ್ಕದ ಕುರ್ಚಿಯಲ್ಲಿದ್ದವಳು ಕತ್ತು ಉದ್ದ ಮಾಡಿ ನೋಡಿದಳು. ಪರದೆಯ ಮೇಲೆ ಅವಳ ಮಗಳು ನಗುತ್ತಿದ್ದಳು. ಆಗಿನಿಂದ ಆ ಹೆಂಗಸು ಒಂದು ಮಾತೂ ಆಡಲಿಲ್ಲ. ಬೀದಿಯಲ್ಲಿ ಯಾರೂ ಕಾಣದಿದ್ದ ಸಂಗತಿ ಅದು.

"ಇಷ್ಟೊಂದು ಹೆಣ್ಣುಮಕ್ಕಳ ಫೋಟೊ, ವಯಸ್ಸು, ಎತ್ತರ. ಇವರನ್ನೆಲ್ಲ ಎಲ್ಲಿಗೆ ಸಾಗಿಸ್ತೀರಿ?"

"ಗಂಡನ ಮನೆಗೆ" ಅಂದಳು ಅತ್ತೆ.

ಅಧಿಕಾರಿ ಅದನ್ನೂ ಬರೆದುಕೊಂಡ. ಆಮೇಲೆ ಮೆಸೇಜುಗಳಿಗೆ ಇಳಿದ. ಅವನ ಬೆರಳು ಒಂದು ಕಡೆ ನಿಂತಿತು. "'ಅವರಿಗೆ ಗೊತ್ತಾಗಬಾರದು.' ಯಾರಿಗಮ್ಮ? ಏನು? ಫಾರಂನಲ್ಲಿ ಗಂಡಿನ ಮನೆ ನೋಡೋಕೆ ಅಂತ ಬರೆದಿದ್ದೀರಿ, ಇಲ್ಲಿ ಯಾರನ್ನೋ ಗುಟ್ಟಾಗಿ ಕರ್ಕೊಂಡು ಬರೋ ಮಾತಿದೆ."

"ಮಗಳು. ತವರಿಗೆ ಬರ್ತಾಳೆ. ತಮಾಷೆಗೆ ಹಾಗೆ ಬರೆದಿದ್ದಾಳೆ."

"ಮತ್ತೆ ಇವು? ಸಾಲಾಗಿ ಇಷ್ಟೊಂದು ವಾಯ್ಸ್ ಮೆಸೇಜು. ಒಂದೆರಡು ಬಿಟ್ಟು ಮಿಕ್ಕಿದ್ದನ್ನ ಯಾರೂ ತೆರೆದೇ ಇಲ್ಲ." ಅವನು ತಲೆಯೆತ್ತಿದ. "ನಿಮ್ಮ ಮಗಳದ್ದನ್ನ ನೀವೇ ಕೇಳಿಲ್ವಾ?"

ಕೇಳಿರಲಿಲ್ಲ. ಊರವರ ಫೋನೆಲ್ಲ ಓದಿದವಳು ಅವುಗಳ ಹತ್ತಿರ ಬೆರಳು ಒಯ್ದಿರಲಿಲ್ಲ. ಮನೆ ತುಂಬ ಹೆಣ್ಣು ಕೊಡುವವರು, ಗಂಡು ಕೇಳುವವರು ಇರುತ್ತಾರೆ, ಯಾರಾದರೂ ಕೇಳಿಸಿಕೊಂಡಾರು ಅನ್ನುವುದು ಮೊದಲ ನೆಪ. ಎಲ್ಲರೂ ಹೋದ ಮೇಲೆ ನೆಪ ಉಳಿಯುತ್ತಿರಲಿಲ್ಲ, ಹೆದರಿಕೆ ಉಳಿಯುತ್ತಿತ್ತು. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುವುದು ಅಂದರೆ ಇದೇ.

ಅಧಿಕಾರಿಯ ಅನುಮಾನ ಬಲವಾಯಿತು. ಮೇಲಿನದೊಂದನ್ನು ಒತ್ತಿದ. ಇಡೀ ಹಾಲಿಗೆ ಕೇಳುವ ಹಾಗೆ ನಲ್ಲಿಯ ನೀರು ಸುರಿಯಿತು. ಅದರೊಳಗಿಂದ ಮಗಳ ದನಿ. "ಅಮ್ಮ, ಇವತ್ತು ಬಾಗಿಲಿಗೆ ನನ್ನ ತಲೆ..."

"ನಿಲ್ಸಪ್ಪ" ಅಂದಳು ಅತ್ತೆ.

ಅವನು ನಿಲ್ಲಿಸಿದ. "ಹಾಗಾದ್ರೆ ಈ ವಿಳಾಸದವರನ್ನೇ ವಿಚಾರಿಸಬೇಕಾಗುತ್ತೆ."

ಅತ್ತೆ ಎದ್ದು ನಿಂತಳು. ಕುರ್ಚಿಗಳಲ್ಲಿ ಕೂತ ಅಷ್ಟೂ ಜನ ನೋಡುತ್ತಿದ್ದರು, ಪಕ್ಕದಲ್ಲಿ ಎದುರುಮನೆಯವಳು ಇದ್ದಳು. "ಅವನಿಗೆ ಮಾತ್ರ ಹೇಳಬೇಡ. ಅವನು ನನ್ನ ಅಳಿಯ. ನನ್ನ ಮಗಳಿಗೆ ಹೊಡೀತಾನೆ. ಎರಡು ವರ್ಷದಿಂದ ಹೊಡೀತಿದಾನೆ. ಆ ಗಂಡನ್ನ ನೋಡಿದವಳು ನಾನು, ಫೋನ್ ನೋಡಿ ಒಪ್ಪಿದವಳು ನಾನು, ಹೊಂದಿಕೊಂಡು ಹೋಗು ಅಂದವಳೂ ನಾನು. ಈಗ ಅವಳನ್ನ ಕರ್ಕೊಂಡು ಬರೋಕೆ ಹೋಗ್ತಿದ್ದೀನಿ. ಇಷ್ಟೇ ನನ್ನ ಗುಟ್ಟು. ಬೇಕಾದ್ರೆ ಇನ್ನೊಂದು ಸಲ ಹೇಳ್ತೀನಿ, ಬರ್ಕೋ."

ಕಟ್ಟಿದ ವ್ಯಾಪಾರ ಅಲ್ಲೇ ಮಣ್ಣುಪಾಲಾಯಿತು ಅಂತ ಗೊತ್ತಾಯಿತು, ಆದರೂ ಬೇಸರವಾಗಲಿಲ್ಲ.

ಅಧಿಕಾರಿ ಕೆಟ್ಟವನೇನಲ್ಲ, ನಿಯಮದವನು. "ಕೂತ್ಕೊಳ್ಳಿ ಅಮ್ಮ. ಹೇಳಿದ್ದು ನಿಜವೇ ಅಂತ ಎಲ್ಲಾ ಕೇಳಿ ನೋಡಬೇಕು" ಅಂತ ಗಾಜಿನ ಕೋಣೆಯೊಳಗೆ ಹೋದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೆ ಒಂದು ಕೇಳುತ್ತ ಕೂತ. ನಡುವೆ ಯಾರೋ ಟೀ ತಂದಿಟ್ಟರು. ಅವನು ಮುಟ್ಟಲಿಲ್ಲ, ಅದು ಕೆನೆಗಟ್ಟಿತು. ಗಾಜಿನ ಈಚೆ ಕೂತ ಅತ್ತೆ ಅವನ ಮುಖವನ್ನೇ ನೋಡುತ್ತಿದ್ದಳು. ಒಮ್ಮೆ ಅವನು ಹುಬ್ಬು ಗಂಟು ಹಾಕಿದ, ಒಮ್ಮೆ ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡ. ತನ್ನ ಮಗಳು ಏನಂದಳು ಅಂತ ಅವಳು ಪರಗಂಡಸಿನ ಹುಬ್ಬಿನಲ್ಲಿ ಓದಬೇಕಾಗಿತ್ತು.

ಬಹಳ ಹೊತ್ತಾದ ಮೇಲೆ ಅವನು ಬಂದು ಇಬ್ಬರ ಫಾರಂಗೂ ಸೀಲು ಒತ್ತಿದ. ದನಿ ಮೊದಲಿಗಿಂತ ತಗ್ಗಿತ್ತು. "ಹೋಗಿ ಬನ್ನಿ. ಫೋನ್ ಇಲ್ಲೇ ಇರಲಿ, ಪೂರ್ತಿ ಕಾಪಿ ಆಗಬೇಕು. ವಾಪಸ್ ಹೋಗುವಾಗ ತಗೊಳ್ಳಿ."

"ಅಳಿಯನಿಗೆ ಹೇಳಲ್ಲ ತಾನೇ?"

ಅವನು ಮೇಜು ನೋಡಿದ. "ನೀವು ಬಂದು ಕೂತ ಕೂಡಲೇ ಅವರಿಗೆ ಕರೆ ಹೋಗಿದೆ ಅಮ್ಮ. ಅದು ಇನ್ನೊಂದು ಟೇಬಲ್‌ನವರ ಕೆಲಸ, ನನಗೂ ಈಗಷ್ಟೇ ಗೊತ್ತಾಯ್ತು. ಬಹಳ ಮರ್ಯಾದಸ್ಥರಂತೆ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂದ್ರಂತೆ."

ಗೇಟಿನ ಹೊರಗೆ ಬಸ್ಸಿನ ಸಾಲು, ಟಿಕೆಟ್ ಕಿಟಕಿ, ಬೆಂಚು. ಬೆಂಚಿನ ಪಕ್ಕ ಮಗಳು ನಿಂತಿದ್ದಳು. ಅವಳ ಬ್ಯಾಗು ಅಳಿಯನ ಹೆಗಲ ಮೇಲಿತ್ತು.

"ಬನ್ನಿ ಅತ್ತೆ" ಅಂದ ಅಳಿಯ, ಅದೇ ಮೆತ್ತನೆ ದನಿಯಲ್ಲಿ. "ಹೇಳದೆ ಬಂದುಬಿಟ್ರಲ್ಲ. ಗಾಡಿ ತಂದಿದ್ದೀನಿ, ಮನೆಗೆ ಹೋಗಿ ಮಾತಾಡೋಣ. ಇವಳೂ ನಿಮ್ಮನ್ನ ಕಾಯ್ತಾ ಇಲ್ಲೇ ಸಿಕ್ಕಳು."

ಮಗಳು ಆಗಲೇ ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟಿದ್ದಳು. ಆಗ ಎದುರುಮನೆಯವಳು ಮುಂದೆ ಬಂದು ಬ್ಯಾಗಿನ ಹಿಡಿಗೆ ಕೈ ಹಾಕಿದಳು.

"ಬಿಡಪ್ಪ ಅದನ್ನ."

"ನೀವು ಯಾರು?"

"ನೀನು ಹೆಂಡತಿಗೆ ಹೊಡೀತೀಯ ಅಂತ ಈಗಷ್ಟೇ ತಿಳ್ಕೊಂಡವಳು. ಒಳಗೆ ಇಡೀ ಹಾಲಿಗೆ ಗೊತ್ತಾಗಿದೆ. ಇನ್ನೂ ಯಾರಿಗೆ ಗೊತ್ತಾಗಬೇಕು ಹೇಳು, ಬಸ್ ಬರೋ ತನಕ ನಂಗೇನೂ ಕೆಲಸ ಇಲ್ಲ."

ಇದನ್ನು ಅವಳು ಮಾಮೂಲಿ ದನಿಯಲ್ಲೇ ಅಂದಳು. ಮಾಮೂಲಿ ದನಿ ಅಂದರೆ ಟಿಕೆಟ್ ಸಾಲಿನವರೆಲ್ಲ ತಿರುಗಿ ನೋಡಿದರು, ಡ್ರೈವರುಗಳು ಕೆಳಗಿಳಿದರು. ಅಳಿಯ ಸುತ್ತ ನೋಡಿದ. ನಾಲ್ಕು ಗೋಡೆಯೊಳಗೆ ಅವನಿಗಿದ್ದ ಧೈರ್ಯ ಬಟ್ಟಬಯಲಲ್ಲಿ ಇರಲಿಲ್ಲ. "ಆಮೇಲೆ ಫೋನ್ ಮಾಡ್ತೀನಿ" ಅಂತ ಹೆಂಡತಿಗೆ ಹೇಳಿ, ಬ್ಯಾಗು ಕೆಳಗಿಟ್ಟು, ಗಾಡಿ ಹತ್ತಿದ.

"ಗಂಡಿನ ಮನೆ ಇವತ್ತು ಬೇಡ" ಅಂದಳು ಎದುರುಮನೆಯವಳು ಅತ್ತೆಗೆ. "ನಾನು ವಾಪಸ್ ಹೋಗೋ ಟಿಕೆಟ್ ತರ್ತೀನಿ. ನನ್ನ ಹೆಸರಿನ ವಿಚಾರ ಊರಿಗೆ ಹೋಗಿ ಮಾತಾಡೋಣ." ಟಿಕೆಟ್ ಕಿಟಕಿಗೆ ಹೋಗಿ ನಿಂತಳು.

ತಾಯಿ ಮಗಳು ಬೆಂಚಿನ ಮೇಲೆ ಕೂತರು. ಮಗಳ ಹಣೆಯ ಅಂಚಿನಲ್ಲಿ ಮಾಯುತ್ತ ಬಂದ ಒಂದು ಗಾಯ ಇತ್ತು. ಅತ್ತೆ ಅದನ್ನು ಮುಟ್ಟಲು ಹೋಗಿ ಕೈ ಹಿಂದೆ ತಗೊಂಡಳು.

"ನಾನು ಕಳಿಸಿದ್ದೆಲ್ಲ ಕೇಳಿದ್ಯಾ ಅಮ್ಮ?"

ಸುಳ್ಳು ಬಾಯಿಗೆ ಬಂತು, ಅತ್ತೆ ನುಂಗಿದಳು. "ಇಲ್ಲ. ಕೇಳಲಿಲ್ಲ ಕಣೆ. ಧೈರ್ಯ ಬರಲಿಲ್ಲ."

ಮಗಳು ಟಿಕೆಟ್ ಕಿಟಕಿಯ ಕಡೆ ನೋಡಿದಳು.

"ಈಗ ಫೋನೂ ಇಲ್ಲ, ಅವರ ಹತ್ರ ಇದೆ. ಒಳಗೆ ಒಬ್ಬ ಅಧಿಕಾರಿ ಕೂತು ಎಲ್ಲಾ ಕೇಳಿಬಿಟ್ಟ. ತಡೆಯೋಕೆ ಆಗ್ಲಿಲ್ಲ."

"ಎಲ್ಲಾನೂ ಕೇಳಿದ್ರಾ? ಕೊನೇ ತನಕ?"

"ಕೊನೇ ತನಕ."

"ಸದ್ಯ, ಒಬ್ಬರಾದ್ರೂ ಕೇಳಿದ್ರಲ್ಲ" ಅಂದಳು ಮಗಳು, ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತ.